ಬೀಗರ ಜೋಪಾನ

ಕನ್ನಡದಲ್ಲಿ ಬೀಗ ಎಂದರೆ ಎರಡು ಅರ್ಥ. ಒಂದು, ಬಾಗಿಲಿಗೆ ಜಡಿಯುವ ಬೀಗ. ಇನ್ನೊಂದು, ಮಗಳನ್ನು ಕೊಟ್ಟ ಮನೆಯ ಹಿರಿಯ. ಬೇರೆಯವರಿಗೆಲ್ಲ ಇವೆರಡೂ ಬೇರೆ ಬೇರೆಯಾಗಿ ಸಿಗುತ್ತವೆ. ನನಗೆ ದೇವರು ಎರಡನ್ನೂ ಒಬ್ಬರಲ್ಲೇ ಸೇರಿಸಿ ಕೊಟ್ಟುಬಿಟ್ಟ!

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹಕ್ಕೂ ಒಂದು ಪ್ಲಾಸ್ಟಿಕ್ ಕವರ್ ಹಾಕಿ, ಯಾರ ಕೈಗೂ ಸಿಗದ ಹಾಗೆ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ನಾನು ನಾಲ್ಕನೇ ಕ್ಲಾಸಿನ ಓದಿನಲ್ಲಿ ಕಷ್ಟಪಟ್ಟು ಬರೆದಿದ್ದು, ನಾಲ್ಕು ಜನ ಓದಲಿ ಅಂತ ನನಗೂ ಆಸೆ ಇರುವುದಿಲ್ಲವೇ?

ನಮ್ಮ ಬೀಗರು ಮೈಸೂರಿನವರು. ಬಸ್ ಡಿಪೋದಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಬಸ್ಸು ದಾರಿಯಲ್ಲಿ ನಿಂತರೂ ಚಿಂತೆಯಿಲ್ಲ, ಹೊಸ ಟೈರು ಸ್ಟೋರಿನಿಂದ ಹೊರಗೆ ಹೋಗಬಾರದು ಅನ್ನುವ ಪೈಕಿ. ರಿಟೈರ್ ಆದ ಮೇಲೆ ಡಿಪೋ ಬಿಟ್ಟರು, ಸ್ಟೋರು ಬಿಡಲಿಲ್ಲ. ಅವರ ಮನೆಯ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ರಬ್ಬರ್ ಬ್ಯಾಂಡು. ಸೋಫಾಕ್ಕೆ ಅಂಗಡಿಯವರು ಹಾಕಿಕೊಟ್ಟ ಪ್ಲಾಸ್ಟಿಕ್ಕು ಹಾಗೇ ಇದೆ. ಬೇಸಗೆಯಲ್ಲಿ ಅದರ ಮೇಲೆ ಕೂತವರು ಏಳುವಾಗ ಒಂದು ಸದ್ದಾಗುತ್ತದೆ. ಸೋಫಾದ ಸದ್ದು ಅಂತ ಮನೆಯವರಿಗೆ ಗೊತ್ತು. ಹೊಸ ನೆಂಟರ ಪಾಡು ಕೇಳಬೇಡಿ!

ಅವರು ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ನಡೆದದ್ದು ಕೇಳಿ. ತುಮಕೂರಿನ ನಮ್ಮ ಮನೆಯಲ್ಲಿ ಅವತ್ತು ಬೆಳಿಗ್ಗೆಯಷ್ಟೇ ತಂದ ಹೊಸ ಸ್ಟೀಲ್ ಲೋಟಗಳಲ್ಲಿ ಕಾಫಿ ಕೊಟ್ಟಿದ್ದೆ. ಗಡಿಬಿಡಿಯಲ್ಲಿ ಸ್ಟಿಕ್ಕರ್ ಕೀಳುವುದು ಮರೆತಿತ್ತು. ಬೀಗರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಅವರು ಮಾತ್ರ ಬೀಗಿತ್ತಿಯವರ ಕಿವಿಯಲ್ಲಿ ಏನೋ ಹೇಳಿ, ಕಾಫಿ ಮುಗಿಯುವ ಮುಂಚೆಯೇ ಒಪ್ಪಿಗೆ ಕೊಟ್ಟುಬಿಟ್ಟರು. ಕಿವಿಯಲ್ಲಿ ಹೇಳಿದ್ದೇನು ಅಂತ ಬೀಗಿತ್ತಿಯವರು ಆಮೇಲೆ ಹೇಳಿದರು: "ಲೋಟದ ಸ್ಟಿಕ್ಕರ್ ಕೂಡ ಕಿತ್ತಿಲ್ಲ ಕಣೇ. ಎಷ್ಟು ಜೋಪಾನದ ಜನ! ಕಣ್ಮುಚ್ಕೊಂಡು ತಂದ್ಕೊ ಹುಡುಗೀನ." ನನ್ನ ಮಗಳ ನರ್ಸಿಂಗ್ ಓದು, ಅವಳ ಬಣ್ಣ, ಅವಳ ಗುಣ, ಯಾವುದೂ ಅಲ್ಲ. ಮದುವೆ ಮಾಡಿಸಿದ್ದು ಸ್ಟಿಕ್ಕರು!

ಆ ಮಗಳು, ಅಳಿಯ ಈಗ ಇರುವುದು ನ್ಯೂಜಿಲ್ಯಾಂಡಿನ ದಕ್ಷಿಣ ದ್ವೀಪದಲ್ಲಿ, ಸೆಂಟ್ರಲ್ ಒಟಾಗೋ ಎಂಬ ಸೀಮೆಯ ಒಂದು ಸಣ್ಣ ಊರಿನಲ್ಲಿ. ಮಗಳಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಅಳಿಯನಿಗೆ ಅಣೆಕಟ್ಟಿನಲ್ಲಿ. ಕನ್ನಡದವರೆಲ್ಲ ಆಕ್ಲೆಂಡಿನ ಸ್ಯಾಂಡ್ರಿಂಗಮ್ಮಿನಲ್ಲಿ ಕರಿಬೇವು, ಕೊತ್ತಂಬರಿ ಕೊಂಡುಕೊಂಡು ಸುಖವಾಗಿದ್ದರೆ, ಇವರಿಬ್ಬರು ಕುರಿಗಳ ಮಧ್ಯೆ ಬಂದು ಕೂತಿದ್ದಾರೆ. ಚಳಿಯೋ, ಅಯ್ಯಪ್ಪ! ನಮ್ಮಲ್ಲಿ ಆಷಾಢ ಎಂದರೆ ಗಾಳಿ. ಇಲ್ಲಿ ಆಷಾಢ ಎಂದರೆ ಒಣಗಲು ಹಾಕಿದ ಸೀರೆ ಹಲಗೆಯಾಗುತ್ತದೆ. ನನ್ನ ಸೀರೆಯನ್ನು ನಾನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೇನೆ, ಸುಳ್ಳಲ್ಲ!

ಆದರೆ ನನ್ನ ಮೊಮ್ಮಗಳು ಇಂಚರ ಇಲ್ಲಿರುವಾಗ ಚಳಿ ಏನು ಮಹಾ? ಆರು ವರ್ಷದ ಹುಡುಗಿ. ಕೆನ್ನೆ ನೋಡಿದರೆ ಕಚ್ಚಿ ತಿನ್ನೋಣ ಅನಿಸುತ್ತದೆ. ನಕ್ಕರೆ ಮುಂದಿನ ಎರಡು ಹಲ್ಲಿಲ್ಲ, ಅದರಿಂದಲೇ ಇನ್ನೂ ಚೆನ್ನ. ಅವಳಲ್ಲಿ ಒಂದೇ ಕೊರತೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಒಂದು ಮಾತೂ ಆಡುವುದಿಲ್ಲ. "ಇನ್ನೊಂದು ದೋಸೆ ಹಾಕ್ಲಾ ಬಂಗಾರ?" ಅಂದರೆ "ಯೆಸ್ ಪ್ಲೀಸ್, ಅಜ್ಜಿ" ಅನ್ನುತ್ತಾಳೆ. ಅಜ್ಜಿ, ತಾತ ಎಂದು ಕರೆಯುತ್ತಾಳಲ್ಲ ಎಂದು ಮಗಳು ಸಮಾಧಾನ ಹೇಳುತ್ತಾಳೆ. ಅದು ಮಾತೇ? ಅದು ಹೆಸರು! ಗ್ರಾಂಟ್ ಎಂದು ಕರೆದ ಹಾಗೆ.

ಗ್ರಾಂಟ್ ಯಾರು ಅಂತ ಹೇಳಬೇಕು. ಪಕ್ಕದ ಮನೆಯ ಕಿವಿ ಮನುಷ್ಯ; ನ್ಯೂಜಿಲ್ಯಾಂಡಿನವರನ್ನು ಹಾಗೇ ಕರೆಯುತ್ತಾರಂತೆ. ಊರಿನಲ್ಲಿ ನಮಗೆ ಗೊತ್ತಿದ್ದ ಗ್ರಾಂಟು ಸರ್ಕಾರದ್ದು, ಎಷ್ಟು ಕರೆದರೂ ಬರುವುದಿಲ್ಲ. ಈ ಗ್ರಾಂಟು ಕರೆಯದಿದ್ದರೂ ಬರುತ್ತಾನೆ. ಬೇಲಿಯ ಮೇಲೆ ಮೊಣಕೈ ಊರಿ, "ಹೌ ಆರ್ ಯಾ, ಮೇಟ್?" ಎಂದು ಬೀಗರನ್ನು ಕೇಳುತ್ತಾನೆ. ಬೀಗರಿಗೆ ಇಂಗ್ಲಿಷಿನಲ್ಲಿ ಟೈರು, ಟ್ಯೂಬು, ಬ್ರೇಕ್ ಡ್ರಮ್ಮು ಬಿಟ್ಟರೆ ಹೆಚ್ಚಿಗೆ ಬರುವುದಿಲ್ಲ. "ಮೇಟ್" ಅಂದರೆ ಅವರಿಗೆ ಕಲ್ಲು ಹೊರುವವರ ಮೇಸ್ತ್ರಿ. "ನಾನು ಸ್ಟೋರ್ ಕೀಪರ್, ಮೇಟ್ ಅಲ್ಲ ಅಂತ ಅವನಿಗೆ ಹೇಳೋ" ಎಂದು ಮಗನಿಗೆ ತಾಕೀತು ಮಾಡಿದ್ದರು.

ಬೀಗರು ಬಂದದ್ದು ನಾನು ಬಂದ ಮೇಲೆ. ಬೀಗಿತ್ತಿಯವರು ತಮ್ಮ ಮಗಳ ಬಾಣಂತನಕ್ಕೆಂದು ಮೈಸೂರಿನಲ್ಲೇ ಉಳಿದಿದ್ದರು. ಏರ್‌ಪೋರ್ಟಿನಲ್ಲಿ ಇವರ ಸೂಟ್‌ಕೇಸು ತೆಗೆಸಿದರಂತೆ. ಈ ದೇಶದವರಿಗೆ ಬೀಜ, ಹುಣಸೆಹಣ್ಣು, ಮಣ್ಣು ಎಂದರೆ ಭಯ. ಸೂಟ್‌ಕೇಸಿನ ಮೇಲೆ ದಪ್ಪ ಖಾಕಿ ಬಟ್ಟೆಯ ಕವರು, ಡಿಪೋದ ಸೀಟು ಹೊಲಿಯುವವನ ಕೈಯಲ್ಲೇ ಹೊಲಿಸಿದ್ದು. ಅದರ ಬಾಯಿಯನ್ನಷ್ಟೇ ಬಿಚ್ಚಿದ್ದಾಯಿತು. ಒಳಗೆ ಒಂದು ಗಂಟು. ಆಫೀಸರಮ್ಮ ಬಿಚ್ಚಿದಳು, ಒಳಗೆ ಕವರ್. ಅದನ್ನು ಬಿಚ್ಚಿದಳು, ಅದರೊಳಗೆ ಕವರ್. ಮೂಸಿದಳು, ನಾಯಿಯನ್ನು ಕರೆಸಿ ಮೂಸಿಸಿದಳು. ಕೊನೆಗೆ ಒಳಗಿದ್ದದ್ದೇನು ಗೊತ್ತೇ? ಚೆನ್ನಾಗಿ ಮಡಿಸಿಟ್ಟ ಖಾಲಿ ಕವರುಗಳು! "ವಾಟ್ ಈಸ್ ದಿಸ್ ಫಾರ್?" ಅಂದಳಂತೆ. ಬೀಗರು ಎದೆಯ ಮೇಲೆ ಕೈಯಿಟ್ಟು, "ಜೋಪಾನ" ಅಂದರಂತೆ. ನಾಯಿಯೇ ಸುಸ್ತಾಗಿ ಕೂತುಬಿಟ್ಟಿತಂತೆ.

ಬಂದವರೇ ನನ್ನ ಮೇಲೆ ಪೈಪೋಟಿಗೆ ಬಿದ್ದರು. ಇಂಚರಳ ಬಾಯಿಂದ ಮೊದಲ ಕನ್ನಡ ಮಾತು ಯಾರು ಆಡಿಸುವುದು?

"ನೋಡ್ತಿರಿ ಬೀಗಿತ್ತಿಯವ್ರೇ, ನಾನು ಹೋಗೋದ್ರೊಳಗೆ ಮಾತಾಡಿಸ್ತೀನಿ."

"ಏನ್ ಆಡಿಸ್ತೀರಾ ಬೀಗ್ರೇ? ಟೈರು, ಟ್ಯೂಬಾ?"

"ನೀವು ಚಕ್ಲಿ ಕೊಟ್ಟು ಕೊಟ್ಟು ಬಾಯಿ ತುಂಬಿಸಿಟ್ರೆ ಮಗು ಮಾತಾಡೋದು ಹೇಗೆ?"

ನೋಡಿ, ತಪ್ಪು ನನ್ನದಾಯಿತು! ಆದರೆ ಒಳಗೊಳಗೇ ಅವರಿಗೆ ಸಂಕಟವಿತ್ತು. ಮಗು ಚಕ್ಕುಲಿ ಆಸೆಗಾದರೂ ನನ್ನ ಹತ್ತಿರ ಬರುತ್ತಿತ್ತು. ಅವರ ಹತ್ತಿರ ಹೋದರೆ ಗೊಂಬೆಗೆ ಕವರ್ ಹಾಕುತ್ತಾರೆ, ಬಣ್ಣದ ಪೆನ್ಸಿಲಿಗೆ ಕವರ್ ಹಾಕುತ್ತಾರೆ ಎಂದು ದೂರದಲ್ಲೇ ನಿಲ್ಲುತ್ತಿತ್ತು. ಶ್ರಾವಣದಲ್ಲಿ ತಮ್ಮ ಮಗಳ ಮಗುವಿನ ನಾಮಕರಣಕ್ಕೆ ಅವರು ವಾಪಸು ಹೋಗಬೇಕಿತ್ತು. ಅಷ್ಟರೊಳಗೆ ಈ ಮೊಮ್ಮಗಳು ಹತ್ತಿರವಾಗುತ್ತಾಳೋ ಇಲ್ಲವೋ ಎಂಬ ಚಿಂತೆ ಅವರ ಮುಖದಲ್ಲಿ ಕಾಣುತ್ತಿತ್ತು. ಅದೊಂದಕ್ಕೆ ಮಾತ್ರ ಕವರ್ ಹಾಕಲು ಅವರಿಗೆ ಬಂದಿರಲಿಲ್ಲ.

ಆಗ ಬಂತು ಐಸಿನ ಕಥೆ. ಆ ಊರಿನ ಸ್ಕೂಲಿನಲ್ಲಿ ಚಳಿಗಾಲಕ್ಕೆ ಮಕ್ಕಳನ್ನು ಐಸಿನ ಮೇಲೆ ಜಾರಲು ಕರೆದುಕೊಂಡು ಹೋಗುತ್ತಾರೆ. ಕೆಳಗೆ ಬ್ಲೇಡು ಕೂರಿಸಿದ ಬೂಟು ಹಾಕಿಕೊಂಡು ಎಲ್ಲ ಮಕ್ಕಳೂ ಕೊಕ್ಕರೆಗಳ ಹಾಗೆ ತೇಲುತ್ತವೆ. ನಮ್ಮ ಇಂಚರ ಮಾತ್ರ ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟಳಂತೆ. ಮನೆಗೆ ಬಂದವಳೇ ಹೋಗಿ ಮಲಗಿದಳು. ಚಕ್ಕುಲಿ ಕೂಡ ಬೇಡ ಅಂದಳು. ಚಕ್ಕುಲಿ ಬೇಡ ಅಂದರೆ ವಿಷಯ ಸಣ್ಣದಲ್ಲ ಅಂತ ನನಗೆ ಗೊತ್ತಾಯಿತು.

ಅಳಿಯ ಅವತ್ತೇ ನಿರ್ಧಾರ ಮಾಡಿದ. ಹಿತ್ತಲಲ್ಲೇ ಐಸಿನ ಅಂಗಳ ಮಾಡುವುದು! ಯಾರೂ ನೋಡದ ಕಡೆ ಮಗು ಬಿದ್ದು ಎದ್ದು ಕಲಿಯಲಿ ಎಂದು. ಸುತ್ತ ಹಲಗೆಯ ಕಟ್ಟೆ, ಒಳಗೆ ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ನೀರು. ಮಿಕ್ಕದ್ದನ್ನು ಚಳಿ ನೋಡಿಕೊಳ್ಳುತ್ತದೆ. ಆ ಹಾಳೆಗೆ ಲೈನರ್ ಅನ್ನುತ್ತಾರಂತೆ. ನಮ್ಮ ಕಡೆ ಕೃಷಿಹೊಂಡಕ್ಕೆ ಹಾಸುತ್ತಾರಲ್ಲ, ಅದರ ತಮ್ಮ. ಅದು ಎಲ್ಲಾದರೂ ತೂತಾದರೆ ನೀರೆಲ್ಲ ಮಣ್ಣಿಗೆ, ಐಸಿಲ್ಲ, ಆಟವಿಲ್ಲ.

ಪ್ಲಾಸ್ಟಿಕ್ ಹಾಳೆ! ಅದೂ ಹೊಚ್ಚ ಹೊಸದು! ಅದೂ ಹರಿಯದ ಹಾಗೆ ಕಾಪಾಡಬೇಕು! ನಮ್ಮ ಬೀಗರು ಹುಟ್ಟಿದ್ದೇ ಇದಕ್ಕೆ ಅನಿಸಿತು. ಲಾರಿಯವನು ಸುರುಳಿ ಇಳಿಸಿ ಹೋದಾಗ ಅವರು ಅದರ ಮೈದಡವಿದ ರೀತಿ ನೋಡಬೇಕಿತ್ತು. ಅಳಿಯ ಚಾಕು ತಂದು ಮೇಲಿನ ಪ್ಯಾಕಿಂಗ್ ಕತ್ತರಿಸಲು ಹೋದ.

"ಏಯ್! ಪ್ಯಾಕಿಂಗ್ ಯಾಕೋ ಕೀಳ್ತೀಯಾ?"

"ಕೀಳ್ದೆ ಹೇಗಪ್ಪ ಹಾಸೋದು?"

"ಪ್ಯಾಕಿಂಗ್ ಸಮೇತ ಹಾಸೋಕಾಗಲ್ವಾ?"

ಮೈಸೂರಿನಲ್ಲಿದ್ದ ಬೀಗಿತ್ತಿಯವರಿಗೆ ಫೋನ್ ಕಾರ್ಡಿನ ನಂಬರ್ ಗೀಚಿ ತೆಗೆದು ಫೋನ್ ಮಾಡಿ ಇದನ್ನು ಹೇಳಿದೆ. ಅವರು ನಕ್ಕೂ ನಕ್ಕೂ, "ನನ್ನನ್ನೂ ಮದುವೆ ಸೀರೆ ಸಮೇತ ಪ್ಯಾಕ್ ಮಾಡಿ ಇಡೋರು ಕಣ್ರೀ, ಅಡುಗೆ ಮಾಡೋರು ಯಾರೂ ಇರಲಿಲ್ಲ ಅಂತ ಬಿಟ್ರು" ಎಂದರು.

ಹಾಳೆ ಹಾಸುವ ಮುಂಚೆ ನೆಲದಲ್ಲಿ ಕಲ್ಲು, ಕಡ್ಡಿ ಇರಬಾರದು. ಅಳಿಯ ಕುಂಟೆ ಎಳೆದು ಆಯಿತು ಅಂದ. ಬೀಗರಿಗೆ ಆಗಲಿಲ್ಲ. ಹುಲ್ಲಿನ ಮೇಲೆ ಮಣೆ ಹಾಕಿಕೊಂಡು ಕೂತರು, ನನ್ನನ್ನೂ ಕೂರಿಸಿದರು. ಅಕ್ಕಿಯಲ್ಲಿ ಕಲ್ಲು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ಆದರೆ ಮೊರದಷ್ಟು ಅಕ್ಕಿ ಬೇರೆ, ಹಿತ್ತಲಷ್ಟು ಹುಲ್ಲು ಬೇರೆ! ಇಬ್ಬರೂ ಮೂಗು ನೆಲಕ್ಕೆ ತಾಗಿಸಿ ಆರಿಸುತ್ತಿದ್ದೆವು.

ಬೇಲಿಯ ಮೇಲೆ ಗ್ರಾಂಟಿನ ಮೊಣಕೈ ಬಂತು. ಏನೋ ಕೇಳಿದ. ನಾವು ತಲೆ ಆಡಿಸಿದೆವು. ಓಡಿಹೋಗಿ ಒಂದು ಕೋಲಿನ ಯಂತ್ರ ತಂದ. ಈ ಸೀಮೆಯಲ್ಲಿ ಹಿಂದೆ ಚಿನ್ನ ಸಿಗುತ್ತಿತ್ತಂತೆ, ಈಗಲೂ ಕೆಲವರು ಅಂಥ ಯಂತ್ರ ಹಿಡಿದು ಹೊಳೆದಂಡೆಯಲ್ಲಿ ಅಲೆಯುತ್ತಾರೆ. ನನ್ನ ವಾಲೆ ಕಳೆದಿದೆ ಎಂದು ಅವನು ತಿಳಿದಿದ್ದ! ಪಾಪ, ಹಿತ್ತಲೆಲ್ಲ ಸುತ್ತಿದ. ಒಂದು ಕಡೆ ಯಂತ್ರ ಕುಯ್ ಎಂದಿತು. ಅಗೆದರೆ ತುಕ್ಕು ಹಿಡಿದ ಉದ್ದನೆಯ ಮೊಳೆ, ಚೂಪು ಮೇಲಾಗಿ ನಿಂತಿದೆ. ಹಾಳೆ ಹಾಸಿದ್ದರೆ ಸೀಳಿಯೇ ಬಿಡುತ್ತಿತ್ತು. ಬೀಗರು ಗ್ರಾಂಟನ್ನು ತಬ್ಬಿಕೊಂಡರು. ವಾಲೆ ಕಳೆದವಳು ನಾನು, ಮೊಳೆ ಸಿಕ್ಕಿದ್ದಕ್ಕೆ ಇವರಿಗೇಕೆ ಇಷ್ಟು ಸಂತೋಷ ಎಂದು ಅವನು ನನ್ನ ಕಿವಿಯನ್ನೇ ನೋಡುತ್ತಿದ್ದ. ಎರಡೂ ವಾಲೆ ಅಲ್ಲೇ ಇದ್ದವು!

ಹಾಳೆ ಹಾಸುವ ದಿನ ಮಡಿಯೇ ಮಡಿ. ಬೂಟು, ಚಪ್ಪಲಿ ಎಲ್ಲ ಹೊರಗೆ. ಗ್ರಾಂಟ್ ಸಹಾಯಕ್ಕೆ ಬಂದ, ಅವನ ಕಾಲುಚೀಲ ಹರಿದು ಹೆಬ್ಬೆರಳು ಹೊರಗಿತ್ತು. ಬೀಗರು ಆ ಉಗುರನ್ನು ನೋಡಿದರು. ಒಳಗೆ ಹೋದರು. ನೇಲ್ ಕಟರ್ ತಂದು ಅವನ ಕೈಗಿಟ್ಟರು! ದೊಡ್ಡ ಮೈಯ ಆ ಮನುಷ್ಯ ಚೂರೂ ಬೇಸರಿಸದೆ ಮೆಟ್ಟಿಲ ಮೇಲೆ ಕೂತು ಉಗುರು ಕತ್ತರಿಸಿಕೊಂಡ. ಇದು ನಮ್ಮ ಹಬ್ಬದ ಪದ್ಧತಿ ಎಂದುಕೊಂಡನೋ ಏನೋ.

ಆಮೇಲೆ ನನ್ನ ಸರದಿ. ಹಾಳೆಯ ಮೂಲೆ ಎಳೆಯಲು ನಾನು ಬರಿಗಾಲಲ್ಲಿ ಹೊರಟೆ.

"ಬೀಗಿತ್ತಿಯವ್ರೇ..." ಅಂದರು ಬೀಗರು.

"ಏನ್ ಬೀಗ್ರೇ?"

"ಏನಿಲ್ಲ. ಇವತ್ತು ಚಳಿ ಜಾಸ್ತಿ."

"ಹೂಂ, ದಿನಾ ಜಾಸ್ತಿ."

"ಕಾಲಿಗೆ ಜಾಸ್ತಿ ಅಲ್ವಾ? ಅದೂ ಬೆರಳಿಗೆ..."

ಅವರ ಕಣ್ಣು ನನ್ನ ಕಾಲುಂಗುರದ ಮೇಲಿತ್ತು. ಬೆಳ್ಳಿಯ ಕಾಲುಂಗುರ ಹಾಳೆಯನ್ನು ಗೀರುತ್ತದೆ ಎಂಬ ಭಯ ಒಂದು ಕಡೆ. ಗಂಡ ಊರಿನಲ್ಲಿ ಹಸು ಕಟ್ಟಿಕೊಂಡು ಗಟ್ಟಿಮುಟ್ಟಾಗಿರುವ ಮುತ್ತೈದೆಗೆ, ಅದೂ ಬೀಗಿತ್ತಿಗೆ, ಕಾಲುಂಗುರ ತೆಗೆಯಿರಿ ಅನ್ನುವುದು ಯಾವ ಬಾಯಲ್ಲಿ? ಮನುಷ್ಯ ಬೆವತುಹೋದರು, ಆ ಚಳಿಯಲ್ಲಿ! ಅರ್ಥವಾದರೂ ಆಗದವಳ ಹಾಗೆ ನಾನು ಕಾಲನ್ನು ಇನ್ನಷ್ಟು ಮುಂದೆ ಚಾಚಿದೆ. ಬಿಡುತ್ತೇನೆಯೇ? ಕೊನೆಗೆ ಅವರು ಅಡುಗೆಮನೆಯಿಂದ ಎರಡು ಬ್ರೆಡ್ ಕವರ್ ತಂದು, "ಶೀತ ಆಗ್ಬಾರ್ದು ನೋಡಿ" ಎಂದು ನನ್ನ ಮುಂದಿಟ್ಟರು. ಕಾಲಿಗೆ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದುಕೊಂಡು, ಚರಪರ ಸದ್ದು ಮಾಡುತ್ತಾ ನಡೆದೆ. ನಮ್ಮ ಮಗಳ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಬೀಗರು ನನಗೂ ಕವರ್ ಹಾಕಿಯೇಬಿಟ್ಟರು!

ನೀರು ತುಂಬಿಸಿದ ಮೇಲೆ ಶುರುವಾಯಿತು ನಿಜವಾದ ಕಾವಲು. ಬೆಳಗಿನಿಂದ ಸಂಜೆಯವರೆಗೆ ಬೀಗರು ಮೆಟ್ಟಿಲ ಮೇಲೆ ಕೂತು, ಹಕ್ಕಿ ಬಂದರೂ "ಜೋಪಾನ!", ಗಾಳಿ ಬೀಸಿದರೂ "ಜೋಪಾನ!", ಮಗಳು ಬಟ್ಟೆ ಒಣಹಾಕಲು ಪಕ್ಕದಲ್ಲಿ ಹೋದರೂ ಹಾಳೆಯ ಕಡೆ ಬೆರಳು ತೋರಿಸಿ "ಜೋಪಾನ, ಜೋಪಾನ!" ಅನ್ನುತ್ತಿದ್ದರು. ಗ್ರಾಂಟಿನ ಕುರಿ ಕಾಯುವ ನಾಯಿಯೊಂದು ಬೇಲಿ ಹಾರಿ ಬರುತ್ತಿತ್ತು. ಅದರ ಉಗುರಿಗೆ ಏನು ಮಾಡುವುದು? ನೇಲ್ ಕಟರ್ ಹಿಡಿದು ಹೋದರೆ ಅದು ಗ್ರಾಂಟಿನಷ್ಟು ಸಾಧು ಅಲ್ಲ. ಬೀಗರು ತಮ್ಮ ಉಣ್ಣೆಯ ಕಾಲುಚೀಲಗಳನ್ನೇ ತಂದರು. ಇಂಚರ ನಾಯಿಯ ಕತ್ತು ತಬ್ಬಿ ಹಿಡಿದಳು, ತಾತ ಒಂದೊಂದೇ ಕಾಲಿಗೆ ಕಾಲುಚೀಲ ತೊಡಿಸಿದರು. ನಾಯಿ ಬೆಕ್ಕಿನ ಹಾಗೆ ಕಾಲೆತ್ತಿ ಕಾಲೆತ್ತಿ ನಡೆಯಿತು. ತಾತ ಮೊಮ್ಮಗಳು ಇಬ್ಬರೂ ಹುಲ್ಲಿನ ಮೇಲೆ ಬಿದ್ದು ನಕ್ಕರು. ಅವತ್ತಿನಿಂದ ಸ್ಕೂಲು ಬಿಟ್ಟು ಬಂದವಳು ಬ್ಯಾಗ್ ಎಸೆದು ತಾತನ ಪಕ್ಕ ಮೆಟ್ಟಿಲ ಮೇಲೆ ಕೂರತೊಡಗಿದಳು. ನನ್ನ ಚಕ್ಕುಲಿ ಡಬ್ಬಿ ಒಳಗೇ ಕಾಯುತ್ತಿತ್ತು. ಹೊಟ್ಟೆಕಿಚ್ಚು ಅನ್ನಬೇಡಿ. ಚಕ್ಕುಲಿ ಮೆತ್ತಗಾಗುತ್ತದಲ್ಲ ಎಂಬ ಚಿಂತೆ, ಅಷ್ಟೇ!

ಒಂದು ದಿನ ಅವಳು ಓಡಿ ಬಂದು ಅಪ್ಪನಿಗೆ, "ಡ್ಯಾಡ್, ದ ಜೋಪಾನ ಈಸ್ ಕಮಿಂಗ್ ಆಫ್!" ಅಂದಳು.

ಏನು? ನಾವೆಲ್ಲ ಕಿವಿ ನಿಮಿರಿಸಿದೆವು. ಹಿತ್ತಲಿಗೆ ಹೋಗಿ ನೋಡಿದರೆ, ಹಾಳೆಯ ಒಂದು ಅಂಚು ಹಲಗೆಯಿಂದ ಕಳಚಿಕೊಂಡಿತ್ತು. ಆಗ ಗೊತ್ತಾಯಿತು. ತಾತ ದಿನವಿಡೀ ಅದರ ಕಡೆ ಬೆರಳು ಮಾಡಿ ಜೋಪಾನ, ಜೋಪಾನ ಅನ್ನುತ್ತಿದ್ದರಲ್ಲ, ಆ ಪ್ಲಾಸ್ಟಿಕ್ ಹಾಳೆಯ ಹೆಸರೇ ಜೋಪಾನ ಎಂದು ಮಗು ತಿಳಿದುಕೊಂಡಿತ್ತು! ಅವಳಿಂದ ಗ್ರಾಂಟಿಗೂ ಅದೇ ಹೆಸರು ಹತ್ತಿತು. ಅವನು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಜೋಪಾನಕ್ಕೆ ಅಂಟಿಸೋ ಟೇಪ್ ಇದೆಯಾ" ಎಂದು ಕೇಳಿದನಂತೆ. ಅಂಗಡಿಯವನು ಇವತ್ತು ಸ್ಟಾಕ್ ಇಲ್ಲ, ಮುಂದಿನ ವಾರ ಬರುತ್ತೆ ಅಂದನಂತೆ!

"ಇದು ಲೆಕ್ಕಕ್ಕಿಲ್ಲ ಬೀಗ್ರೇ. ಅವಳು ಹೇಳಿದ್ದು ಪ್ಲಾಸ್ಟಿಕ್ಕಿಗೆ" ಅಂದೆ.

"ಇರ್ಲಿ ಬಿಡಿ" ಅಂದರು ಬೀಗರು. ನಗುತ್ತಾ ಅಂದರೂ ಮುಖ ಸ್ವಲ್ಪ ಸಪ್ಪಗಾಯಿತು.

ಐಸು ಗಟ್ಟಿಯಾಯಿತು. ಗ್ರಾಂಟ್ ಅದರ ಮೇಲೆ ನಿಂತು ಕುಣಿದು ತೋರಿಸಿದ, ಕಾಲುಚೀಲದಲ್ಲಿ. ಹಿತ್ತಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಂಚರ ಬ್ಲೇಡಿನ ಬೂಟು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಬೀಗರು ಆ ಬೂಟನ್ನು ಆಗಲೇ ಮೊದಲ ಸಲ ಹತ್ತಿರದಿಂದ ನೋಡಿದ್ದು. ಬ್ಲೇಡಿನ ಮೇಲೆ ಬೆರಳಿಟ್ಟು ಬೆಚ್ಚಿಬಿದ್ದರು.

"ಬ್ಲೇಡು ಕಣೋ! ಪ್ಲಾಸ್ಟಿಕ್ ಮೇಲೆ ಬ್ಲೇಡಾ? ಆಗಲ್ಲ, ಆಗಲ್ಲ!"

"ಅಪ್ಪ, ಪ್ಲಾಸ್ಟಿಕ್ ಕೆಳಗಿದೆ. ಅದರ ಮೇಲೆ ಗೇಣು ದಪ್ಪ ಐಸಿದೆ."

"ಅಂಚಲ್ಲಿ? ಅಂಚಲ್ಲಿ ಹಾಳೆ ಹೊರಗೇ ಇದೆ. ಮಗು ಮೊದಲು ಹೋಗಿ ಗುದ್ದೋದೇ ಅಂಚಿಗೆ. ಸಾಕ್ಸ್ ಹಾಕ್ಕೊಂಡು ಜಾರ್ಲಿ ಬಿಡು."

"ಇದು ನೋಡೋಕೆ ಮಾಡಿದ್ದಲ್ಲಪ್ಪ, ಆಡೋಕೆ ಮಾಡಿದ್ದು. ನಾಡಿದ್ದಿಂದ ಬಿಸಿಗಾಳಿ ಅಂತ ಟಿವಿಲಿ ಹೇಳ್ತಿದಾರೆ. ಕರಗಿಹೋದ್ರೆ ಮುಗೀತು. ನೀವೂ ಹೊರಟುಬಿಡ್ತೀರಾ."

"ಬರೋ ವರ್ಷ ಆಡ್ಲಿ. ಹಾಳೆ ಚೆನ್ನಾಗಿದ್ರೆ ಬರೋ ವರ್ಷ ಮತ್ತೆ..."

ಅಳಿಯ ಯಾವತ್ತೂ ದನಿ ಏರಿಸುವವನಲ್ಲ. ಅವತ್ತೂ ಏರಿಸಲಿಲ್ಲ.

"ನನ್ನ ಸೈಕಲ್ ಎಲ್ಲಿದೆಯಪ್ಪ?"

"ಎಲ್ಲಿದೆ ಅಂದ್ರೆ? ಮನೇಲಿ, ಅಟ್ಟದ ಮೇಲಿದೆ. ತಂದ ದಿನ ಹೇಗಿತ್ತೋ ಹಾಗೇ ಇದೆ. ಸೀಟಿನ ಕವರ್ ಕೂಡ ತೆಗೆದಿಲ್ಲ!"

"ಹೂಂ. ನಂಗೆ ಇವತ್ತಿಗೂ ಸೈಕಲ್ ಹೊಡೆಯೋಕೆ ಬರಲ್ಲ."

ಇಂಚರಳಿಗೆ ಕನ್ನಡ ಅರ್ಥವಾಗುತ್ತದೆ ಎಂಬುದನ್ನು ನಾವು ಆಗಾಗ ಮರೆತುಬಿಡುತ್ತೇವೆ. ಅವಳು ಅಪ್ಪನನ್ನು ನೋಡಿ, ತಾತನನ್ನು ನೋಡಿ, "ಡ್ಯಾಡ್ ಕಾಂಟ್ ರೈಡ್ ಎ ಬೈಕ್?" ಅಂದಳು. ನಗಬೇಕಾದ ಮಾತು. ಯಾರಿಗೂ ನಗು ಬರಲಿಲ್ಲ. ಬೀಗರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ತಟ್ಟೆಯಲ್ಲಿ ಚಕ್ಕುಲಿ ಹಾಕಿ ಬಾಗಿಲ ಹತ್ತಿರ ಇಟ್ಟು ಬಂದೆ. ತಿನ್ನಲಿಲ್ಲ. ತಾತ ಮೊಮ್ಮಗಳು ಒಂದೇ ಜಾತಿ ಅಂತ ಆಗ ಅನಿಸಿತು.

ಮಾರನೆ ಬೆಳಿಗ್ಗೆ ನಾನು ಕಾಫಿಗೆ ಇಡುತ್ತಿದ್ದೆ. ಹಿತ್ತಲಲ್ಲಿ ಟಪ್ ಟಪ್ ಸದ್ದು. ಕಿಟಕಿಯಿಂದ ನೋಡಿದೆ. ಬೀಗರು ಮಫ್ಲರ್ ಸುತ್ತಿಕೊಂಡು ಐಸಿನ ಅಂಗಳದ ಪಕ್ಕ ಮಂಡಿಯೂರಿ ಕೂತಿದ್ದಾರೆ. ಹಲಗೆಯ ಉದ್ದಕ್ಕೂ, ಹಾಳೆಯ ಅಂಚಿನ ಮೇಲೆ ದಪ್ಪ ಖಾಕಿ ಬಟ್ಟೆಯ ಪಟ್ಟಿಗಳನ್ನು ಮಡಿಸಿ ಕೂರಿಸಿ, ಹಲಗೆಯ ಹೊರಮೈಗೆ ಮೊಳೆ ಹೊಡೆಯುತ್ತಿದ್ದಾರೆ. ಪಟ್ಟಿ ಸಾಲದ ಕಡೆ ಕಾರಿನಲ್ಲಿದ್ದ ಹಳೆಯ ರಬ್ಬರ್ ಮ್ಯಾಟು. ಬ್ಲೇಡು ತಾಗಿದರೂ ಮೊದಲು ಖಾಕಿಗೆ ತಾಗಬೇಕು, ಹಾಳೆಗಲ್ಲ.

ಖಾಕಿ ಬಟ್ಟೆ ಎಲ್ಲಿಂದ ಬಂತು? ಅವರ ಕೋಣೆಗೆ ಓಡಿದೆ. ಮಂಚದ ಮೇಲೆ ಕತ್ತರಿ. ಪಕ್ಕದಲ್ಲಿ ಸೂಟ್‌ಕೇಸು, ಮೈಮೇಲೆ ಕವರಿಲ್ಲ! ಕೆಂಪಗೆ, ಪಳಪಳ ಹೊಳೆಯುವ, ದಾಸವಾಳದಂಥ ಕೆಂಪು!

ಕಾಫಿ ಹಿಡಿದು ಹಿತ್ತಲಿಗೆ ಹೋದೆ. "ಬೀಗ್ರೇ, ಏನ್ ಮಾಡ್ಬಿಟ್ರಿ!"

"ಅದು ಕೆಂಪು ಬಣ್ಣ ಅಂತ ನಂಗೆ ಮರ್ತೇಹೋಗಿತ್ತು ಬೀಗಿತ್ತಿಯವ್ರೇ" ಅಂದರು, ತಲೆ ಎತ್ತದೆ. "ನಮ್ಮನೆಯವಳು ಆರಿಸಿದ್ದು. ಕೆಂಪೇ ಬೇಕು ಅಂತ ಅಂಗಡೀಲಿ ಹಟ ಮಾಡಿದ್ಲು. ತಂದ ದಿನಾನೇ ಕವರ್ ಹಾಕ್ಸಿದೆ. ಅವಳು ನೋಡಿದ್ದು ಅದೊಂದೇ ದಿನ."

ಮಧ್ಯಾಹ್ನ ಎಲ್ಲರೂ ಸೇರಿದೆವು. ಗ್ರಾಂಟ್ ಬಂದ, ಕಾಲುಚೀಲ ಹಾಕಿದ ನಾಯಿ ಬಂತು. ಬೀಗರು ಮೊಮ್ಮಗಳ ಬೂಟಿನ ದಾರ ತಾವೇ ಬಿಗಿದರು. ತಾವು ಗ್ರಾಂಟ್ ಕೊಟ್ಟ ರಬ್ಬರ್ ಬೂಟು ಹಾಕಿಕೊಂಡು, ಅವಳ ಎರಡೂ ಕೈ ಹಿಡಿದು, ಕಟ್ಟೆಯ ಉದ್ದಕ್ಕೂ ಒಂದು ಸುತ್ತು ಬಂದರು. ಮಗು ಬಿತ್ತು, ಎದ್ದಿತು. ಖಾಕಿಗೆ ಗುದ್ದಿತು, ಏನೂ ಆಗಲಿಲ್ಲ. ಮತ್ತೆ ಬಿತ್ತು. ಒಂದು ಕೈ ಬಿಟ್ಟರು. ಇನ್ನೊಂದು ಕೈ ಬಿಡಲಿಲ್ಲ. ಅಳಿಯ ಕಟ್ಟೆಯ ಹೊರಗೆ ನಿಂತು ಅಪ್ಪನ ಆ ಕೈಯನ್ನೇ ನೋಡುತ್ತಿದ್ದ.

"ಹೋಗು ಪುಟ್ಟಿ" ಅಂದರು ಬೀಗರು. ಕೈ ಬಿಟ್ಟರು. "ಹೋಗು, ಏನೂ ಆಗಲ್ಲ!"

ಈ ಮನುಷ್ಯನ ಬಾಯಲ್ಲಿ "ಏನೂ ಆಗಲ್ಲ" ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು!

ಹೋದಳು ನೋಡಿ ನನ್ನ ಬಂಗಾರ! ಮೊದಲು ಬಾತುಕೋಳಿಯ ಹಾಗೆ, ಆಮೇಲೆ ಕೈ ಚಾಚಿ, ಆಮೇಲೆ ನೇರವಾಗಿ ಅಂಗಳದ ಆ ತುದಿಯವರೆಗೆ! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂಗಿದೆ. ಗ್ರಾಂಟ್ ಶಿಳ್ಳೆ ಹಾಕಿದ. ಆ ತುದಿಯಲ್ಲಿ ತಿರುಗಿ ನಿಂತವಳು, ತಾತನ ಕಡೆ ನೋಡಿ, ಹಲ್ಲಿಲ್ಲದ ಬಾಯಿ ಅಗಲಿಸಿ ಕೂಗಿದಳು:

"ತಾತಾ! ಜೋಪಾನ!"

ಬೀಗರು ನಿಂತಲ್ಲೇ ನಿಂತರು. ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ ಬೀಗಿತ್ತಿಯವ್ರೇ? ಜೋಪಾನ ಅಂದ್ಲು! ನಂಗೆ ಜೋಪಾನ ಅಂದ್ಲು!"

ನಾನು ಅವರ ಕಾಲು ನೋಡಿದೆ. ಒಂದು ಮೂಲೆಯಲ್ಲಿ ಖಾಕಿಯೂ ಸಾಲದೆ, ಮ್ಯಾಟೂ ಸಾಲದೆ ಹಾಳೆ ಬರಿದಾಗಿ ಇಣುಕುತ್ತಿತ್ತು. ಬೀಗರ ರಬ್ಬರ್ ಬೂಟು ಸರಿಯಾಗಿ ಅದರ ಮೇಲೆಯೇ ಇತ್ತು! ಮಗು ಕೂಗಿದ್ದು ಅದಕ್ಕೆ. "ಯು ಆರ್ ಆನ್ ದ ಜೋಪಾನ, ಮೇಟ್" ಎಂದು ಗ್ರಾಂಟ್ ಕೂಡ ಕೈ ತೋರಿಸಿದ. ಬೀಗರಿಗೆ ಅವನ ಇಂಗ್ಲಿಷು ಅರ್ಥವಾಗಲಿಲ್ಲ, ಪುಣ್ಯ. ನನ್ನ ಮಗಳು ನಗುತ್ತಾ, "ಮಾವ, ಅವಳು ಹೇಳಿದ್ದು..." ಎಂದು ಬಾಯಿ ತೆರೆದಳು. ನಾನು ಅವಳ ತೋಳನ್ನು ಚಿವುಟಿದೆ. ಹೆತ್ತ ಮಗಳನ್ನು ಅಷ್ಟು ಜೋರಾಗಿ ಚಿವುಟಿದ್ದು ಅವಳು ಚಿಕ್ಕವಳಿದ್ದಾಗಲೂ ಇಲ್ಲ.

"ಗೆದ್ರಿ ಬೀಗ್ರೇ" ಅಂದೆ.

ಮೈಸೂರಿಗೆಲ್ಲ ಅವರು ಈ ಸುದ್ದಿ ಹಂಚಿದ್ದಾರೆ. ನಿಜ ಏನು ಅಂತ ನಾನು ಇವತ್ತಿನವರೆಗೂ ಹೇಳಿಲ್ಲ. ನೀವೂ ಹೇಳಬೇಡಿ.

ಬಿಸಿಗಾಳಿ ಬಂತು, ಐಸು ಕರಗಿತು. ಹಾಳೆಯನ್ನು ಒರೆಸಿ ಮಡಿಸಿ ಎತ್ತಿಟ್ಟೆವು. ಒಂದು ಗೀರೂ ಬಿದ್ದಿರಲಿಲ್ಲ. ಬೀಗರು ಹೊರಡುವ ದಿನ ಏರ್‌ಪೋರ್ಟಿಗೆ ಎಲ್ಲರೂ ಹೋದೆವು. ಕೆಂಪು ಸೂಟ್‌ಕೇಸು ಬೆಲ್ಟಿನ ಮೇಲೆ ಒಂದೇ ಹೋಯಿತು. "ಅಪ್ಪ, ಏನಾದ್ರೂ ಸುತ್ತಬೇಕಿತ್ತಾ?" ಎಂದು ಅಳಿಯ ಕೇಳಿದ.

"ಬೇಡ ಬಿಡೋ. ಗೀರು ಬಿದ್ರೆ ಬೀಳ್ಲಿ. ನಿಮ್ಮಮ್ಮ ನೋಡ್ಲಿ ಅದನ್ನ." ಬೆಲ್ಟಿನ ಕಡೆಯೇ ನೋಡುತ್ತಾ, "ಊರಿಗೆ ಬಾ. ಸೈಕಲ್ ಕೆಳಗಿಳಿಸಿ ಇಟ್ಟಿರ್ತೀನಿ" ಅಂದರು. ಅಳಿಯ ಅವರ ಶರ್ಟಿನ ಕಾಲರ್ ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

ಬೀಗರು ಒಳಗೆ ಹೋಗುವ ಗಾಜಿನ ಬಾಗಿಲ ಹತ್ತಿರ ತಲುಪಿದಾಗ ಇಂಚರ ನನ್ನ ಕೈ ಬಿಡಿಸಿಕೊಂಡು ಓಡಿದಳು. ಅವರ ಮಫ್ಲರ್ ಜಾರಿತ್ತು. ಅವರನ್ನು ಬಗ್ಗಿಸಿ, ಕಿವಿ ಮುಚ್ಚುವ ಹಾಗೆ ಅದನ್ನು ಸುತ್ತಿದಳು. ತುದಿಯನ್ನು ಸ್ವೆಟರಿನೊಳಗೆ ಸಿಕ್ಕಿಸಿ, ಮೇಲೆ ಒಂದು ಸಲ ತಟ್ಟಿದಳು. ಮೆಲ್ಲಗೆ ಅಂದಳು:

"ಜೋಪಾನ, ತಾತ."

ನಾನು ಸುತ್ತಲೂ ನೋಡಿದೆ. ಅಲ್ಲಿ ಎಲ್ಲೂ ಒಂದು ಚೂರು ಪ್ಲಾಸ್ಟಿಕ್ ಇರಲಿಲ್ಲ.